ಆರೋಗ್ಯ ಪ್ರಶ್ನೋತ್ತರ: ಸಕ್ಕರೆ ಇಳಿದರೂ ದೇಹ ಎಚ್ಚರಿಸದಿದ್ದಾಗ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು, ಟೈಪ್ ಒನ್ ಮಧುಮೇಹದಲ್ಲಿ (ದೇಹ ತಾನೇ ಇನ್ಸುಲಿನ್ ತಯಾರಿಸಲಾಗದೆ ಅದನ್ನು ಚುಚ್ಚಿಕೊಳ್ಳಲೇಬೇಕಾದ ಮಧುಮೇಹ) ರಕ್ತದ ಸಕ್ಕರೆ ಇಳಿಯುವುದಕ್ಕೆ ಸಂಬಂಧಿಸಿದವಾದ್ದರಿಂದ ಅವನ್ನು ಒಟ್ಟಿಗೆ ಇಟ್ಟುಕೊಂಡು ಉತ್ತರಿಸಿದ್ದೇನೆ. ಇಲ್ಲಿರುವ ಸಕ್ಕರೆಯ ಅಂಕಿಗಳೆಲ್ಲ, ನಿಮ್ಮ ಗ್ಲುಕೋಮೀಟರ್ ತೋರಿಸುವಂತೆಯೇ, ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದವು.

ಪ್ರಶ್ನೆ: ನನಗೀಗ 34 ವರ್ಷ. ಹದಿನೈದನೆಯ ವಯಸ್ಸಿನಲ್ಲಿ ಟೈಪ್ ಒನ್ ಮಧುಮೇಹ ಪತ್ತೆಯಾಯಿತು. ಮೊದಲೆಲ್ಲ ಸಕ್ಕರೆ 65ರ ಹತ್ತಿರ ಬಂದಾಗಲೇ ಕೈ ನಡುಗಿ, ಬೆವರಿ, ಎದೆ ಹೊಡೆದುಕೊಂಡು ನನಗೆ ಗೊತ್ತಾಗುತ್ತಿತ್ತು. ಎರಡು ವರ್ಷಗಳಿಂದೀಚೆಗೆ ಮೀಟರಿನಲ್ಲಿ 45 ಎಂದು ಬಂದರೂ ಏನೂ ಅನ್ನಿಸುವುದಿಲ್ಲ. ಆಫೀಸಿನಲ್ಲಿ ಮಾತಾಡುತ್ತಲೇ ಇರುತ್ತೇನೆ, ಆದರೆ ಹೇಳಿದ್ದನ್ನೇ ಹೇಳುತ್ತಿದ್ದೀರಿ ಎಂದು ಜೊತೆಯವರು ಆಮೇಲೆ ತಿಳಿಸುತ್ತಾರೆ. ಕಳೆದ ತಿಂಗಳು ಬೆಳಗಿನ ಜಾವ ನಮ್ಮ ಯಜಮಾನರು ಎಷ್ಟು ಅಲುಗಿಸಿದರೂ ಎಚ್ಚರವಾಗದೆ, ಆಸ್ಪತ್ರೆಯಲ್ಲಿ ಗ್ಲುಕೋಸ್ ಏರಿಸಬೇಕಾಯಿತು. ನನ್ನ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎಒನ್‌ಸಿ, 6.1 ಇದೆ, ಇದಕ್ಕಾಗಿ ವರ್ಷಗಟ್ಟಲೆ ಕಷ್ಟಪಟ್ಟಿದ್ದೇನೆ. ಈಗ ನಮ್ಮ ವೈದ್ಯರು ಕೆಲವು ಕಾಲ ಸಕ್ಕರೆಯನ್ನು ತುಸು ಮೇಲೆಯೇ ಇಟ್ಟುಕೊಳ್ಳಿ ಎನ್ನುತ್ತಾರೆ. ಇಳಿದ ಸಕ್ಕರೆಯನ್ನು ದೇಹ ತಾನೇ ಎತ್ತಿಕೊಳ್ಳುವ ಶಕ್ತಿಯನ್ನು ಹೆಚ್ಚಿಸಲು ಔಷಧವೋ, ಆಹಾರವೋ, ಯೋಗವೋ ಇಲ್ಲವೇ?
— ಹೆಸರು ಬೇಡವೆಂದವರು, ಬಸವನಗುಡಿ

ಉತ್ತರ: ನಿಮ್ಮ ವೈದ್ಯರ ಮಾತನ್ನು ಚಿಕಿತ್ಸೆಯೆಂದೇ ಸ್ವೀಕರಿಸಿ. ದೇಹ ಕಳೆದುಕೊಂಡಿರುವ ಎಚ್ಚರಿಕೆಯ ಶಕ್ತಿಯನ್ನು ಮರಳಿ ತರಲು ಇಂದು ನಮಗೆ ಗೊತ್ತಿರುವ ಅತ್ಯಂತ ಖಚಿತವಾದ ದಾರಿಯೆಂದರೆ, ಕೆಲವು ವಾರಗಳ ಕಾಲ ಸಕ್ಕರೆ ಒಮ್ಮೆಯೂ ಕುಸಿಯದಂತೆ ಕಾಯುವುದು. ಹೀಗೆ ಹೇಳಿದರೆ ನಿಮ್ಮಂತೆ ಅಚ್ಚುಕಟ್ಟಾಗಿ ನಡೆದುಕೊಂಡವರಿಗೆ ಒಪ್ಪಿಕೊಳ್ಳುವುದು ಕಷ್ಟವೆಂಬುದನ್ನು ಬಲ್ಲೆ. ಆದ್ದರಿಂದ ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮಧುಮೇಹವಿಲ್ಲದವರಲ್ಲಿ ಸಕ್ಕರೆ 80ರ ಆಸುಪಾಸಿಗೆ ಇಳಿಯುತ್ತಿದ್ದಂತೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುವುದನ್ನು ತಗ್ಗಿಸುತ್ತದೆ. ಇದು ಮೊದಲ ಕಾವಲು. ಇನ್ನೂ ಇಳಿದು 65-70ರ ಮಟ್ಟಕ್ಕೆ ಬಂದಾಗ ಅದೇ ಗ್ರಂಥಿಯ ಆಲ್ಫಾ ಕೋಶಗಳು ಗ್ಲುಕಗಾನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತವೆ, ಅದು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಇಳಿಸುತ್ತದೆ, ಇದು ಎರಡನೆಯದು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಹೊರಡಿಸುತ್ತವೆ, ಇದು ಮೂರನೆಯದು. ಇಷ್ಟಾದ ಮೇಲೂ ಸಕ್ಕರೆ 50-55ಕ್ಕೆ ಬಂದರೆ ನಡುಕ, ಬೆವರು, ಹಸಿವು, ಕಳವಳ ಕಾಣಿಸಿಕೊಂಡು ಮನುಷ್ಯ ತಾನಾಗಿ ಏನನ್ನಾದರೂ ತಿನ್ನುತ್ತಾನೆ. ಅದಕ್ಕಿಂತ ಕೆಳಗೆ ಮೆದುಳಿನ ಕೆಲಸವೇ ಮಸುಕಾಗತೊಡಗುತ್ತದೆ. ಸೂಚನೆ ಮೊದಲು, ಮಸುಕು ಆಮೇಲೆ ಎಂಬ ಈ ಕ್ರಮವೇ ನಮ್ಮನ್ನು ಕಾಯುವುದು. ನಿಮ್ಮಲ್ಲಿ ಅದು ತಿರುವುಮುರುವಾಗಿದೆ. ಹೇಳಿದ್ದನ್ನೇ ಹೇಳುತ್ತಿದ್ದೀರಿ ಎಂದು ಜೊತೆಯವರು ಗುರುತಿಸಿದ ಆ ಹೊತ್ತಿನಲ್ಲಿ ಮಸುಕು ಆಗಲೇ ಬಂದಿತ್ತು, ಸೂಚನೆ ಇನ್ನೂ ಬಂದಿರಲಿಲ್ಲ.

ಟೈಪ್ ಒನ್ ಮಧುಮೇಹದಲ್ಲಿ ಮೊದಲ ಕಾವಲು ಆರಂಭದಲ್ಲೇ ಹೋಗುತ್ತದೆ, ಏಕೆಂದರೆ ಚುಚ್ಚಿಕೊಂಡ ಇನ್ಸುಲಿನ್ ಸಕ್ಕರೆ ಇಳಿಯಿತೆಂದು ತನ್ನ ಕೆಲಸ ನಿಲ್ಲಿಸುವುದಿಲ್ಲ. ರೋಗ ಕಾಣಿಸಿಕೊಂಡ ಕೆಲವೇ ವರ್ಷಗಳಲ್ಲಿ ಎರಡನೆಯದೂ ಕೈಕೊಡುತ್ತದೆ. ವಿಚಿತ್ರವೆಂದರೆ ಗ್ಲುಕಗಾನ್ ತಯಾರಿಸುವ ಕೋಶಗಳು ಸತ್ತಿರುವುದಿಲ್ಲ. ಪ್ರೋಟೀನ್ ಹೆಚ್ಚಿರುವ ಊಟ ಮಾಡಿದರೆ ಅವು ಚೆನ್ನಾಗಿಯೇ ಗ್ಲುಕಗಾನ್ ಬಿಡುತ್ತವೆ. ಪಕ್ಕದಲ್ಲಿದ್ದ ಬೀಟಾ ಕೋಶಗಳಿಂದ ಬರುವ ಇನ್ಸುಲಿನ್ ತಟ್ಟನೆ ಕಡಿಮೆಯಾಗುವುದೇ ಅವುಗಳಿಗೆ ‘ಸಕ್ಕರೆ ಇಳಿದಿದೆ’ ಎಂಬ ಮುಖ್ಯ ಸಂದೇಶವಾಗಿತ್ತು, ಆ ನೆರೆಹೊರೆಯೇ ಇಲ್ಲವಾದಾಗ ಸಂದೇಶವೂ ಇಲ್ಲ. ಹೀಗಾಗಿ ಹತ್ತೊಂಬತ್ತು ವರ್ಷಗಳಿಂದ ಮಧುಮೇಹವಿರುವ ನಿಮ್ಮ ದೇಹ ನೆಚ್ಚಿಕೊಂಡಿರುವುದು ಬಹುಮಟ್ಟಿಗೆ ಅಡ್ರಿನಲಿನ್ ಒಂದನ್ನೇ. ಸಕ್ಕರೆಯನ್ನು ಎತ್ತುವುದೂ ನಡುಕದ ಮೂಲಕ ನಿಮಗೆ ಹೇಳುವುದೂ ಎರಡೂ ಬಹುಪಾಲು ಅದರ ಹೆಗಲ ಮೇಲಿವೆ.

ಈ ಅಡ್ರಿನಲಿನ್ ಏಕೆ ತಡವಾಗಿ ಬರುತ್ತದೆ? ಇತ್ತೀಚೆಗೆ ಸಕ್ಕರೆ ಇಳಿದಿದ್ದರಿಂದ. ಇದೇ ಈ ವಿಷಯದ ತಿರುಳು. 1991ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸೈಮನ್ ಹೆಲರ್ ಮತ್ತು ಫಿಲಿಪ್ ಕ್ರೈಯರ್ ಎಂಬ ವೈದ್ಯರು, ಮಧುಮೇಹವೇ ಇಲ್ಲದ ಆರೋಗ್ಯವಂತರಲ್ಲಿ ಒಂದು ಮಧ್ಯಾಹ್ನ ಸಕ್ಕರೆಯನ್ನು ಬೇಕೆಂದೇ ಇಳಿಸಿ, ಮರುದಿನ ಬೆಳಿಗ್ಗೆ ಮತ್ತೆ ಇಳಿಸಿ ನೋಡಿದರು. ಹಿಂದಿನ ದಿನದ ಒಂದೇ ಒಂದು ಇಳಿತದಿಂದ ಮರುದಿನದ ಹಾರ್ಮೋನುಗಳ ಪ್ರತಿಕ್ರಿಯೆಯೂ ಸೂಚನೆಗಳೂ ಮಂಕಾಗಿದ್ದವು. ಟೈಪ್ ಒನ್ ಇರುವವರಲ್ಲಿಯೂ ಹಾಗೆಯೇ ಆಗುವುದೆಂದು ಎರಡು ವರ್ಷಗಳಲ್ಲಿ ತಿಳಿದುಬಂತು. ಮೆದುಳು ಕಡಿಮೆ ಸಕ್ಕರೆಗೆ ಒಗ್ಗಿಕೊಂಡು, ಮೊದಲು 65ಕ್ಕೆ ಕೂಗುತ್ತಿದ್ದದ್ದು 50ಕ್ಕೆ, ಆಮೇಲೆ 40ಕ್ಕೆ ಕೂಗುತ್ತದೆ. ಎಚ್ಚರಿಕೆ ತಡವಾದಷ್ಟೂ ಇಳಿತಗಳು ಹೆಚ್ಚುತ್ತವೆ, ಇಳಿತಗಳು ಹೆಚ್ಚಿದಷ್ಟೂ ಎಚ್ಚರಿಕೆ ಇನ್ನೂ ತಡವಾಗುತ್ತದೆ. ಬಾವಿಯ ಮೆಟ್ಟಿಲಿನಂತೆ ಒಂದೊಂದೇ ಕೆಳಗಿಳಿಯುವುದು ಯಾರ ಗಮನಕ್ಕೂ ಬರುವುದಿಲ್ಲ. ಟೈಪ್ ಒನ್ ಇರುವ ವಯಸ್ಕರಲ್ಲಿ ಸುಮಾರು ನಾಲ್ಕರಲ್ಲೊಬ್ಬರು ಹೀಗೆ ಸೂಚನೆ ಕಳೆದುಕೊಂಡಿರುತ್ತಾರೆ, ಮತ್ತು ಅವರಲ್ಲಿ ಇನ್ನೊಬ್ಬರ ನೆರವು ಬೇಕಾಗುವಂಥ ತೀವ್ರ ಇಳಿತದ ಅಪಾಯ ಉಳಿದವರಿಗಿಂತ ಆರು ಪಟ್ಟಿನಷ್ಟು ಹೆಚ್ಚು. ಇದು ನಿಮ್ಮ ನಿರ್ಲಕ್ಷ್ಯದಿಂದ ಆದದ್ದಲ್ಲ.

ಆದರೆ ಇದೇ ಮೆಟ್ಟಿಲನ್ನು ಹತ್ತಬಹುದು. 1993 ಮತ್ತು 1994ರಲ್ಲಿ ಇಟಲಿ, ಲಂಡನ್ ಹಾಗೂ ಅಮೆರಿಕದ ಮೂರು ತಂಡಗಳು ಬೇರೆಬೇರೆಯಾಗಿ ಇದನ್ನು ತೋರಿಸಿದವು. ಸೂಚನೆ ಕಳೆದುಕೊಂಡವರಲ್ಲಿ ಸಕ್ಕರೆ ಇಳಿಯುವುದನ್ನು ಕಟ್ಟುನಿಟ್ಟಾಗಿ ತಪ್ಪಿಸಿದಾಗ ಕೆಲವೇ ವಾರಗಳಲ್ಲಿ ನಡುಕ, ಬೆವರು ಮುಂತಾದ ಸೂಚನೆಗಳು ಮರಳಿದವು. ಅಡ್ರಿನಲಿನ್ ಪ್ರತಿಕ್ರಿಯೆ ಎಲ್ಲರಲ್ಲೂ ಪೂರ್ತಿಯಾಗಿ ಮರಳಲಿಲ್ಲವಾದರೂ ಕೆಲವರಲ್ಲಿ ಸುಧಾರಿಸಿತು. ದೀರ್ಘಕಾಲದ ಮಧುಮೇಹದಲ್ಲಿ ಗ್ಲುಕಗಾನ್ ಕಾವಲು ಮಾತ್ರ ಈ ದಾರಿಯಿಂದ ಹಿಂದಿರುಗುವುದೆಂದು ನೆಚ್ಚುವಂತಿಲ್ಲ. ಆದ್ದರಿಂದ ‘ದೇಹ ತಾನೇ ಸಕ್ಕರೆಯನ್ನು ಎತ್ತಿಕೊಳ್ಳುವುದೇ’ ಎಂಬ ನಿಮ್ಮ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಹೀಗಿದೆ: ಎತ್ತಿಕೊಳ್ಳುವ ಶಕ್ತಿ ಸ್ವಲ್ಪ ಮಟ್ಟಿಗೆ ಸುಧಾರಿಸೀತು, ಆದರೆ ನಿಮ್ಮನ್ನು ಸಕಾಲದಲ್ಲಿ ಎಚ್ಚರಿಸುವ ಶಕ್ತಿ ಬಹಳ ಮಟ್ಟಿಗೆ ಮರಳಬಲ್ಲದು. ಪ್ರಾಣ ಉಳಿಸುವುದು ಈ ಎರಡನೆಯದೇ.

ಇದನ್ನು ಹೇಗೆ ನಡೆಸಬೇಕು? ಕನಿಷ್ಠ ಮೂರು ವಾರ, ಸಾಧ್ಯವಾದರೆ ಮೂರು ತಿಂಗಳು, ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಾರದು. ಅದಕ್ಕಾಗಿ ಊಟಕ್ಕೆ ಮುಂಚಿನ ಗುರಿಯನ್ನು ಈಗಿನದಕ್ಕಿಂತ ಒಂದಿಷ್ಟು ಮೇಲಕ್ಕೆ ಇಟ್ಟುಕೊಂಡು, ಇನ್ಸುಲಿನ್ ಪ್ರಮಾಣಗಳನ್ನು ನಿಮ್ಮ ವೈದ್ಯರೊಡನೆ ಕೂತು ಮರುಲೆಕ್ಕ ಮಾಡಬೇಕು; ರಾತ್ರಿಯ ದೀರ್ಘಾವಧಿ ಇನ್ಸುಲಿನ್‌ನಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ನಿಮ್ಮ ದೊಡ್ಡ ಇಳಿತ ಬೆಳಗಿನ ಜಾವ ಆಗಿದೆ. ತೋಳಿಗೆ ಅಂಟಿಸಿಕೊಂಡು ಸಕ್ಕರೆಯನ್ನು ನಿರಂತರವಾಗಿ ನೋಡುವ ಸೆನ್ಸರ್ ಕೊಳ್ಳಲು ಸಾಧ್ಯವಿದ್ದರೆ ಈ ಕೆಲವು ತಿಂಗಳಿಗಾದರೂ ಅದನ್ನು ಬಳಸಿ, ಎಚ್ಚರಿಕೆಯ ಗಂಟೆಯನ್ನು 80ಕ್ಕೆ ಇಡಿ. ಸೆನ್ಸರ್ ಬಳಸುವ ವಯಸ್ಕರಿಗೆ ಹಾಕಿಕೊಂಡಿರುವ ಸಾಮಾನ್ಯ ಮಿತಿಯೇ 70ಕ್ಕಿಂತ ಕೆಳಗೆ ದಿನದ ಶೇಕಡ 4ಕ್ಕಿಂತ ಕಡಿಮೆ, ಅಂದರೆ ಸುಮಾರು ಒಂದು ಗಂಟೆ, ಮತ್ತು 54ಕ್ಕಿಂತ ಕೆಳಗೆ ಶೇಕಡ 1ಕ್ಕಿಂತ ಕಡಿಮೆ, ಅಂದರೆ ಕಾಲು ಗಂಟೆ. ನಿಮ್ಮಂಥವರಿಗೆ ಇದು ಇನ್ನೂ ಕಡಿಮೆಯಾಗಬೇಕು. ಸೆನ್ಸರ್ ದುಬಾರಿಯೆಂದಾದರೆ ಬೆರಳು ಚುಚ್ಚುವ ಮೀಟರಿನಿಂದಲೇ ಊಟಗಳಿಗೆ ಮುಂಚೆ, ಮಲಗುವ ಮುಂಚೆ, ಮತ್ತು ವಾರಕ್ಕೆ ಕೆಲವು ರಾತ್ರಿ ಮೂರು ಗಂಟೆಗೆ ನೋಡಿಕೊಳ್ಳಬಹುದು. ಇಂಗ್ಲೆಂಡಿನಲ್ಲಿ ನಡೆದ ಹೈಪೊಕಂಪಾಸ್ ಎಂಬ ಅಧ್ಯಯನದಲ್ಲಿ ದುಬಾರಿ ಸಾಧನ ಪಡೆದವರಲ್ಲಿಯೂ ಸಾಮಾನ್ಯ ಪೆನ್ ಮತ್ತು ಮೀಟರ್ ಬಳಸಿದವರಲ್ಲಿಯೂ ಸೂಚನೆಗಳು ಸುಧಾರಿಸಿದ್ದವು. ಕಲಿಕೆ ಮತ್ತು ನಿಯಮಿತ ಸಂಪರ್ಕ ಎರಡು ಗುಂಪಿಗೂ ಸಮಾನವಾಗಿ ಸಿಕ್ಕಿದ್ದೇ ಇದಕ್ಕೆ ಕಾರಣವೆಂದು ನನ್ನ ಭಾವನೆ.

ಇಳಿದಾಗ ತಿನ್ನುವುದರಲ್ಲಿಯೂ ಒಂದು ಶಿಸ್ತಿದೆ. 15 ಗ್ರಾಂ ಗ್ಲುಕೋಸ್ ಪುಡಿ ಅಥವಾ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಕಾದು ಮತ್ತೆ ನೋಡಬೇಕು. 70 ದಾಟದಿದ್ದರೆ ಇನ್ನೊಮ್ಮೆ. ಚಾಕೊಲೇಟ್, ಮೈಸೂರು ಪಾಕ್, ಹೋಳಿಗೆಗಳಲ್ಲಿ ಕೊಬ್ಬು ಇರುವುದರಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. ಎಳನೀರಿನಲ್ಲಿ ಸಾಕಷ್ಟು ಸಕ್ಕರೆ ಇರುವುದಿಲ್ಲ. ಹೆದರಿ ಕೈಗೆ ಸಿಕ್ಕಿದ್ದನ್ನೆಲ್ಲ ತಿಂದರೆ ಸಕ್ಕರೆ 300ಕ್ಕೆ ಹಾರಿ, ಅದನ್ನು ಇಳಿಸಲು ಹಾಕಿಕೊಂಡ ಹೆಚ್ಚುವರಿ ಇನ್ಸುಲಿನ್ ಮತ್ತೊಂದು ಇಳಿತಕ್ಕೆ ದಾರಿ ಮಾಡುತ್ತದೆ. ಈ ಏರಿಳಿತವನ್ನು ನನ್ನ ಕ್ಲಿನಿಕ್ಕಿನಲ್ಲಿ ವಾರವಾರವೂ ನೋಡುತ್ತೇನೆ.

ಇದರ ಜೊತೆಗೆ ಇಳಿತಕ್ಕೆ ಬೇರೆ ಕಾರಣಗಳಿವೆಯೇ ಎಂದು ಹುಡುಕಲೇಬೇಕು. ಹೊಟ್ಟೆ, ತೊಡೆಗಳಲ್ಲಿ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಚುಚ್ಚಿಕೊಂಡು ಗಂಟುಗಳಾಗಿದ್ದರೆ ಅಲ್ಲಿಂದ ಇನ್ಸುಲಿನ್ ಒಂದು ದಿನ ಬೇಗ, ಇನ್ನೊಂದು ದಿನ ತಡವಾಗಿ ಹೀರಲ್ಪಡುತ್ತದೆ. ಕನ್ನಡಿಯ ಮುಂದೆ ನಿಂತು ಬೆರಳಿನಿಂದ ತಡವಿ ನೋಡಿಕೊಳ್ಳಿ. ನಮ್ಮಲ್ಲಿ ಇನ್ನೊಂದು ಅಪಾಯವಿದೆ: ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನದು 100 ಯೂನಿಟ್. ಪೆನ್ ಕೆಟ್ಟಿತೆಂದು 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನಿಂದ ಎಳೆದುಕೊಂಡರೆ ಎರಡೂವರೆ ಪಟ್ಟು ಹೆಚ್ಚು ಔಷಧ ದೇಹಕ್ಕೆ ಹೋಗುತ್ತದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ್ದು. ಮೆಡಿಕಲ್ ಶಾಪಿನಲ್ಲಿ ಕೊಡುವಾಗಲೇ ನೋಡಿ. ಟೈಪ್ ಒನ್ ಇರುವವರಲ್ಲಿ ಥೈರಾಯ್ಡ್ ಕೊರತೆ, ಗೋಧಿಯ ಅಂಟನ್ನು ಸಹಿಸದ ಸೀಲಿಯಾಕ್ ರೋಗ, ಅಪರೂಪಕ್ಕೆ ಅಡ್ರಿನಲ್ ಗ್ರಂಥಿಯೇ ಸೋಲುವ ಆಡಿಸನ್ ರೋಗ ಇವೆಲ್ಲ ಜೊತೆಯಾಗಿ ಬರಬಹುದು. ಕಾರಣವಿಲ್ಲದೆ ಇನ್ಸುಲಿನ್ ಅಗತ್ಯ ತಗ್ಗುತ್ತಿದ್ದರೆ ಇವನ್ನೂ ಮೂತ್ರಪಿಂಡದ ಕೆಲಸವನ್ನೂ ಪರೀಕ್ಷಿಸಬೇಕು. ರಕ್ತದೊತ್ತಡಕ್ಕಾಗಲೀ ಮೈಗ್ರೇನಿಗಾಗಲೀ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದು ನಡುಕವನ್ನೂ ಎದೆಬಡಿತವನ್ನೂ ಮರೆಮಾಡುತ್ತದೆ, ಬೆವರನ್ನು ಮಾತ್ರ ಮರೆಮಾಡುವುದಿಲ್ಲ.

6.1ರ ಬಗ್ಗೆ: 1993ರಲ್ಲಿ ಪ್ರಕಟವಾದ, 1441 ಜನರನ್ನು ಸರಾಸರಿ ಆರೂವರೆ ವರ್ಷ ನೋಡಿಕೊಂಡ ಅಮೆರಿಕದ ದೊಡ್ಡ ಅಧ್ಯಯನವು, ಬಿಗಿಯಾದ ನಿಯಂತ್ರಣದಿಂದ ಕಣ್ಣು, ಮೂತ್ರಪಿಂಡ, ನರಗಳು ಉಳಿಯುತ್ತವೆಂದು ಖಚಿತವಾಗಿ ತೋರಿಸಿತು. ಅದೇ ಅಧ್ಯಯನ ತೀವ್ರ ಇಳಿತಗಳು ಮೂರು ಪಟ್ಟು ಹೆಚ್ಚಾದವೆಂಬುದನ್ನೂ ದಾಖಲಿಸಿದೆ. ಸರಾಸರಿಯೆಂಬುದು ಸರಾಸರಿಯೇ, 50 ಮತ್ತು 220ರ ನಡುವೆ ಓಲಾಡಿದರೂ 6.1 ಬರಬಹುದು. ಕೆಲವು ತಿಂಗಳು 7ರ ಆಸುಪಾಸಿನಲ್ಲಿದ್ದರೆ ನೀವು ಗಳಿಸಿದ್ದೇನೂ ಕರಗಿಹೋಗುವುದಿಲ್ಲ. ಎಚ್ಚರಿಕೆ ಮರಳಿದ ಮೇಲೆ, ಇಳಿತಗಳಿಲ್ಲದೆಯೇ, ಮತ್ತೆ ನಿಧಾನವಾಗಿ ಬಿಗಿ ಮಾಡಿಕೊಳ್ಳಬಹುದು.

ಔಷಧಗಳ ವಿಷಯದಲ್ಲಿ ಸಂಶೋಧನೆಗಳು ಬಹಳ ನಡೆದಿವೆಯಾದರೂ, ಕಳೆದುಹೋದ ಸೂಚನೆಯನ್ನು ಮರಳಿಸಲೆಂದು ಅಂಗೀಕೃತವಾದ ಮಾತ್ರೆ ಇಲ್ಲ. ಯೋಗ, ಧ್ಯಾನ ನಿದ್ರೆಗೂ ಮನಸ್ಸಿಗೂ ಒಳ್ಳೆಯದು, ಆದರೆ ಈ ಕೆಲಸಕ್ಕೆ ಅವನ್ನು ನೆಚ್ಚಿಕೊಂಡು ಇನ್ಸುಲಿನ್ ಲೆಕ್ಕವನ್ನು ಮುಂದೂಡಬೇಡಿ. ಎಲ್ಲ ಪ್ರಯತ್ನಗಳ ನಂತರವೂ ತೀವ್ರ ಇಳಿತಗಳು ನಿಲ್ಲದವರಿಗೆ ದಾನಿಯ ಮೇದೋಜೀರಕದಿಂದ ತೆಗೆದ, ಇನ್ಸುಲಿನ್ ತಯಾರಿಸುವ ಕೋಶಗುಚ್ಛಗಳ ಕಸಿ ಕೆಲವು ದೇಶಗಳಲ್ಲಿದೆ. 2000ದಲ್ಲಿ ಕೆನಡಾದ ಎಡ್ಮಂಟನ್ ತಂಡ ಅದಕ್ಕೊಂದು ಯಶಸ್ವಿ ವಿಧಾನ ರೂಪಿಸಿತು, 2023ರಲ್ಲಿ ಅಮೆರಿಕ ಅಂಥ ಒಂದು ಚಿಕಿತ್ಸೆಗೆ ಅನುಮತಿ ಕೊಟ್ಟಿತು. ಆದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ನಿರಂತರ ಸೇವಿಸಬೇಕಾಗುವುದರಿಂದ ಅದು ನಿಮಗೆ ಮೊದಲ ಹೆಜ್ಜೆಯಾಗಲಾರದು.

ಇನ್ನೊಂದು ಮಾತು. ಸೂಚನೆ ಮರಳುವ ತನಕ ದಯವಿಟ್ಟು ಗಾಡಿ ಓಡಿಸಬೇಡಿ. ಸಿಲ್ಕ್ ಬೋರ್ಡ್ ಬಳಿ ಮುಕ್ಕಾಲು ಗಂಟೆ ನಿಲ್ಲಬೇಕಾದಾಗ ಮಧ್ಯಾಹ್ನ ಹಾಕಿಕೊಂಡ ಇನ್ಸುಲಿನ್ ನಿಲ್ಲುವುದಿಲ್ಲ. ಮರಳಿದ ಮೇಲೂ ಹೊರಡುವ ಮುಂಚೆ ಸಕ್ಕರೆ 90ಕ್ಕಿಂತ ಮೇಲಿದೆಯೇ ಎಂದು ನೋಡಿ, ಗ್ಲುಕೋಸನ್ನು ಡಿಕ್ಕಿಯಲ್ಲಿಡದೆ ಕೈಗೆಟಕುವಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ, ಟೈಪ್ ಒನ್ ಬಂದು ಆರು ವರ್ಷವಾಯಿತು. ಸಂಜೆ ಬ್ಯಾಡ್ಮಿಂಟನ್ ಕೋಚಿಂಗ್‌ಗೆ ಹೋಗುತ್ತಾಳೆ. ಆಡಿದ ದಿನ ರಾತ್ರಿ ಎರಡು ಗಂಟೆಗೆ ಸಕ್ಕರೆ 50ರ ಆಸುಪಾಸಿಗೆ ಬರುತ್ತದೆ, ಅವಳಿಗೆ ಎಚ್ಚರವೇ ಆಗುವುದಿಲ್ಲ. ಮನೆಯಲ್ಲಿ ಅಜ್ಜಿ ಆಟ ಬಿಡಿಸಿ ಎನ್ನುತ್ತಾರೆ. ಏನು ಮಾಡಲಿ?
— ತಂದೆಯೊಬ್ಬರು, ರಾಜಾಜಿನಗರ

ಉತ್ತರ: ಅಜ್ಜಿಯ ಭಯ ಸಹಜವಾದದ್ದು, ಆದರೆ ಆಟ ಬಿಡಿಸಬೇಡಿ. ಆಡುವಾಗ ಸ್ನಾಯುಗಳು ತಮ್ಮಲ್ಲಿ ಕೂಡಿಟ್ಟ ಸಕ್ಕರೆಯನ್ನು ಖರ್ಚು ಮಾಡಿ, ಆಮೇಲೆ ರಾತ್ರಿಯೆಲ್ಲ ರಕ್ತದಿಂದ ಎಳೆದುಕೊಂಡು ತುಂಬಿಸಿಕೊಳ್ಳುತ್ತವೆ. ಇನ್ಸುಲಿನ್‌ಗೆ ಅವು ಸ್ಪಂದಿಸುವುದೂ ಹೆಚ್ಚಾಗಿರುತ್ತದೆ. ಇದರ ಪರಿಣಾಮ 24 ಗಂಟೆಯವರೆಗೂ ಇರಬಹುದು. ಅದಕ್ಕೆ ಸರಿಯಾಗಿ, ನಿದ್ರೆಯಲ್ಲಿ ಅಡ್ರಿನಲಿನ್ ಪ್ರತಿಕ್ರಿಯೆ ಎಲ್ಲರಲ್ಲೂ, ಮಧುಮೇಹವಿಲ್ಲದವರಲ್ಲೂ, ತಗ್ಗಿರುತ್ತದೆ. ಮಗು ಏಳದಿರುವುದಕ್ಕೆ ಇದೇ ಮುಖ್ಯ ಕಾರಣ. ಮೊದಲ ಉತ್ತರದಲ್ಲಿ ಹೇಳಿದ ಮಾತು ಇಲ್ಲಿಯೂ ಅನ್ವಯಿಸುತ್ತದೆ: ಹಿಂದಿನ ದಿನದ ವ್ಯಾಯಾಮ ಮರುದಿನದ ಎಚ್ಚರಿಕೆಯನ್ನು ಮಂಕು ಮಾಡಬಲ್ಲದು, ಹಿಂದಿನ ರಾತ್ರಿಯ ಇಳಿತ ಮರುದಿನ ಆಡುವಾಗಿನ ರಕ್ಷಣೆಯನ್ನು ಮಂಕು ಮಾಡಬಲ್ಲದು. ಆದ್ದರಿಂದ ಸೋಮವಾರ ರಾತ್ರಿ ಇಳಿದಿದ್ದರೆ ಮಂಗಳವಾರದ ಆಟಕ್ಕೆ ಇಮ್ಮಡಿ ಎಚ್ಚರಿಕೆ ಬೇಕು. ಅಂದು ಬೆಳಿಗ್ಗೆ ತೀರಾ ಕೆಳಗೆ ಇಳಿದಿದ್ದರೆ ಆ ದಿನ ಆಟಕ್ಕೆ ರಜೆ ಕೊಡಿ.

ಆಟವಿರುವ ದಿನ ರಾತ್ರಿಯೂಟದ ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕು, ಇನ್ಸುಲಿನ್ ಪಂಪ್ ಇದ್ದರೆ ರಾತ್ರಿಯ ಹರಿವನ್ನು ಎಷ್ಟು ತಗ್ಗಿಸಬೇಕು ಎಂಬುದನ್ನು ಮಕ್ಕಳ ಮಧುಮೇಹ ನೋಡುವ ವೈದ್ಯರಿಂದ ಅಂಕಿಗಳಲ್ಲೇ ಬರೆಸಿಕೊಳ್ಳಿ. ‘ಸ್ವಲ್ಪ ಕಡಿಮೆ ಹಾಕಿ’ ಎಂಬ ಮಾತಿನಿಂದ ಕೆಲಸವಾಗದು. ಮಲಗುವ ಮುಂಚೆ ಇನ್ಸುಲಿನ್ ಇಲ್ಲದೆ ಒಂದು ಲೋಟ ಹಾಲು, ಎರಡು ಚಪಾತಿಯಂಥ ನಿಧಾನವಾಗಿ ಜೀರ್ಣವಾಗುವ ತಿಂಡಿ ಹಲವು ಮಕ್ಕಳಿಗೆ ಸಾಕಾಗುತ್ತದೆ. ಆಡಲು ಹೊರಡುವ ಮುಂಚೆ ತೊಡೆಗೆ ಚುಚ್ಚಬೇಡಿ, ಓಡುವ ಕಾಲಿನಿಂದ ಇನ್ಸುಲಿನ್ ಬೇಗ ಹೀರಲ್ಪಡುತ್ತದೆ. ಆಡಿ ಬಂದ ಕೂಡಲೇ ತುಂಬ ಬಿಸಿನೀರಿನ ಸ್ನಾನವೂ ಅದೇ ಕೆಲಸ ಮಾಡುತ್ತದೆ. ಆಟದ ಕೊನೆಗೆ ಹತ್ತು ಸೆಕೆಂಡು ತನ್ನ ಶಕ್ತಿಯೆಲ್ಲ ಹಾಕಿ ಓಡಿದರೆ ಆ ಕ್ಷಣಕ್ಕೆ ಹೊಮ್ಮುವ ಅಡ್ರಿನಲಿನ್ ಆಟದ ಬೆನ್ನಿಗೇ ಆಗುವ ಇಳಿತವನ್ನು ತಡೆಯುತ್ತದೆಂದು ಆಸ್ಟ್ರೇಲಿಯಾದ ಪ್ರಯೋಗಗಳು ತೋರಿಸಿವೆ. ಮಗುವಿಗೆ ಇದು ಆಟವೆನಿಸುವುದರಿಂದ ಕೋಚ್‌ಗೆ ಹೇಳಿ ಮಾಡಿಸಬಹುದು, ಆದರೆ ರಾತ್ರಿ ಎರಡು ಗಂಟೆಯ ಕಾವಲಿಗೆ ಇದು ಬದಲಿಯಲ್ಲ. ಆ ಕಾವಲನ್ನು ಸೆನ್ಸರಿನ ಗಂಟೆಗೆ ಒಪ್ಪಿಸಿ, ಇಲ್ಲವೇ ಆಟವಿದ್ದ ರಾತ್ರಿಗಳಲ್ಲಿ ನೀವೂ ನಿಮ್ಮ ಮನೆಯವರೂ ಸರದಿಯ ಮೇಲೆ ಎದ್ದು ನೋಡಿ. ಸೆನ್ಸರ್ ಚರ್ಮದಡಿಯ ದ್ರವವನ್ನು ಅಳೆಯುವುದರಿಂದ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಅಂಕಿ ವೇಗವಾಗಿ ಇಳಿಯುತ್ತಿದ್ದರೆ ಬೆರಳು ಚುಚ್ಚಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಕಾಫಿ ಕುಡಿದರೆ ಸಕ್ಕರೆ ಇಳಿದದ್ದು ಬೇಗ ಗೊತ್ತಾಗುತ್ತದೆಂದು ಸ್ನೇಹಿತರೊಬ್ಬರು ಹೇಳಿದರು. ನಿಜವೇ?
— ಓದುಗರು, ಮಲ್ಲೇಶ್ವರ

ಉತ್ತರ: ಮಾತಿನಲ್ಲಿ ನಿಜಾಂಶವಿದೆ. 1990ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪ್ರಯೋಗಗಳಲ್ಲಿ ಕೆಫೀನ್ ಪಡೆದವರಲ್ಲಿ ಸಕ್ಕರೆ ಇಳಿದಾಗ ಅಡ್ರಿನಲಿನ್ ಹೆಚ್ಚು ಹೊರಬಂದು ಸೂಚನೆಗಳು ಸ್ಪಷ್ಟವಾಗಿ ಕಂಡವು. ಆದರೆ ಅಲ್ಲಿ ಕೊಟ್ಟದ್ದು ದಿನಕ್ಕೆ ಕೆಲವು ಲೋಟ ಗಟ್ಟಿ ಕಾಫಿಗೆ ಸಮನಾದ ಕೆಫೀನ್. ನಿದ್ರೆಗೆಡಿಸಿಕೊಂಡು, ರಕ್ತದೊತ್ತಡ ಏರಿಸಿಕೊಂಡು ಅದನ್ನು ಚಿಕಿತ್ಸೆಯಾಗಿ ಕುಡಿಯಿರಿ ಎಂದು ನಾನು ಹೇಳಲಾರೆ. ಬೆಳಿಗ್ಗೆ, ಸಂಜೆ ಒಂದೊಂದು ಲೋಟ ಫಿಲ್ಟರ್ ಕಾಫಿ ಕುಡಿಯುವವರು ಅದನ್ನು ಬಿಡಬೇಕಾಗಿಯೂ ಇಲ್ಲ. ಇಳಿದಾಗ ಮಾತ್ರ ಸಕ್ಕರೆ ಹಾಕಿದ ಕಾಫಿಗಾಗಿ ಕಾಯಬೇಡಿ. ಹಾಲಿನ ಕೊಬ್ಬು ಸಕ್ಕರೆಯನ್ನು ತಡವಾಗಿಸುತ್ತದೆ.

ಪ್ರಶ್ನೆ: ನನ್ನ ಮಗ 22 ವರ್ಷದವನು, ಮಾರತ್ತಹಳ್ಳಿಯ ಬಳಿ ಪಿ.ಜಿ.ಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗುತ್ತಾನೆ. ಟೈಪ್ ಒನ್ ಇದೆ. ಎರಡು ಸಲ ರಾತ್ರಿ ಪ್ರಜ್ಞೆ ತಪ್ಪಿದ್ದಾನೆ. ರೂಮಿನ ಹುಡುಗರು ಬಾಯಿಗೆ ಸಕ್ಕರೆ ನೀರು ಹುಯ್ದು ಎಬ್ಬಿಸಿದರಂತೆ. ನಾನು ಹಾಸನದಲ್ಲಿದ್ದೇನೆ, ರಾತ್ರಿ ನಿದ್ರೆ ಬರುವುದಿಲ್ಲ. ಅವರಿಗೆ ಏನು ಹೇಳಿಕೊಡಲಿ?
— ತಾಯಿಯೊಬ್ಬರು

ಉತ್ತರ: ತಾಯೀ, ಆ ಹುಡುಗರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ, ಆದರೆ ಪ್ರಜ್ಞೆಯಿಲ್ಲದವನ ಬಾಯಿಗೆ ನೀರಾಗಲೀ ಜೇನಾಗಲೀ ಹುಯ್ಯಬಾರದು, ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಬಹುದು. ಅವರಿಗೆ ಹೇಳಬೇಕಾದದ್ದು ಹೀಗೆ: ಮಾತಾಡಿಸಿದರೆ ಓಗೊಟ್ಟು ನುಂಗಬಲ್ಲವನಾಗಿದ್ದರೆ ಗ್ಲುಕೋಸ್ ನೀರು ಕುಡಿಸಿ. ಇಲ್ಲವಾದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಕೂಡಲೇ 108ಕ್ಕೆ ಕರೆ ಮಾಡಿ, ‘ಟೈಪ್ ಒನ್ ಮಧುಮೇಹಿ, ಸಕ್ಕರೆ ಇಳಿದು ಪ್ರಜ್ಞೆಯಿಲ್ಲ’ ಎಂದು ಸ್ಪಷ್ಟವಾಗಿ ಹೇಳಿ. ಗ್ಲುಕಗಾನ್ ಚುಚ್ಚುಮದ್ದು ಇದ್ದರೆ ದೊಡ್ಡವರಿಗೆ 1 ಮಿಲಿಗ್ರಾಂ ತೊಡೆಗೆ ಚುಚ್ಚಬಹುದು. ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷಗಳಲ್ಲಿ ಎಚ್ಚರವಾಗುತ್ತದೆ, ವಾಂತಿಯೂ ಆಗಬಹುದು. ಈ ಔಷಧ ಎಲ್ಲ ಮೆಡಿಕಲ್ ಶಾಪುಗಳಲ್ಲೂ ಇರುವುದಿಲ್ಲವಾದ್ದರಿಂದ ವೈದ್ಯರ ಚೀಟಿ ಪಡೆದು ಮುಂಚಿತವಾಗಿಯೇ ತರಿಸಿಟ್ಟು, ಹುಡುಗರಿಗೆ ಒಮ್ಮೆ ತೋರಿಸಿಕೊಡಬೇಕು. ಚುಚ್ಚಿದ ಮೇಲೂ ಆಸ್ಪತ್ರೆಗೆ ಕರೆದೊಯ್ಯುವುದನ್ನು ಬಿಡಬಾರದು. ಮಧುಮೇಹ ಇರುವುದನ್ನು ತಿಳಿಸುವ ಒಂದು ಕಾರ್ಡ್ ಅವನ ಪರ್ಸಿನಲ್ಲಿ ಸದಾ ಇರಲಿ.

ಮಗನೊಡನೆ ಎರಡು ವಿಷಯಗಳನ್ನು ಬಿಚ್ಚುಮನಸ್ಸಿನಿಂದ ಮಾತಾಡಿ. ಪಿ.ಜಿ.ಗಳಲ್ಲಿ ರಾತ್ರಿಯೂಟ ಎಂಟಕ್ಕೆ ಎಂದಿದ್ದರೂ ಒಂಬತ್ತೂವರೆಗೆ ಬಡಿಸುವುದುಂಟು. ಇನ್ಸುಲಿನ್ ಹಾಕಿಕೊಂಡು ಊಟಕ್ಕೆ ಕಾಯುವವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ತಟ್ಟೆ ಮುಂದೆ ಬಂದ ಮೇಲೆಯೇ ಚುಚ್ಚಿಕೊಳ್ಳುವಂತೆ ಹೇಳಿ. ಎರಡನೆಯದು ಮದ್ಯ. ಕುಡಿಯುತ್ತಾನೋ ಇಲ್ಲವೋ ಎಂದು ಗದರಿಸಿ ಕೇಳಿದರೆ ಅವನು ಹೇಳಲಾರ, ಆದರೆ ಅವನಿಗೆ ಈ ಸಂಗತಿ ತಿಳಿದಿರಲೇಬೇಕು: ಮದ್ಯ ಒಳಗಿದ್ದಾಗ ಯಕೃತ್ತು ಹೊಸ ಸಕ್ಕರೆ ತಯಾರಿಸುವುದನ್ನು ನಿಲ್ಲಿಸುತ್ತದೆ, ಗ್ಲುಕಗಾನ್ ಚುಚ್ಚುಮದ್ದು ಕೂಡ ಆಗ ಸರಿಯಾಗಿ ಕೆಲಸ ಮಾಡದೆ ಹೋಗಬಹುದು, ಮತ್ತು ತೂರಾಡುವವನನ್ನು ಕಂಡು ಜೊತೆಯವರು ಕುಡಿತವೆಂದು ಭಾವಿಸಿ ಮಲಗಿಸಿಬಿಡುತ್ತಾರೆ.

ಮತ್ತೆ ಪ್ರಜ್ಞೆ ತಪ್ಪಿ ಚೇತರಿಸಿಕೊಂಡರೆ, ಮರುದಿನ ಎಂದಿನಂತೆ ಕೆಲಸಕ್ಕೆ ಹೋಗಿ ಅದನ್ನು ಮರೆತುಬಿಡುವುದು ಬೇಡ. ಮುಂದಿನ ಒಂದೆರಡು ದಿನ ಅವನ ದೇಹದ ಎಚ್ಚರಿಕೆ ಇನ್ನಷ್ಟು ಮಂಕಾಗಿರುತ್ತದೆ. ಆ ದಿನಗಳಲ್ಲಿ ನಾಲ್ಕೈದು ಗಂಟೆಗೊಮ್ಮೆ ಸಕ್ಕರೆ ನೋಡಿಕೊಳ್ಳಬೇಕು, ರಾತ್ರಿಯ ಇನ್ಸುಲಿನ್ ಬಗ್ಗೆ ಅಂದೇ ವೈದ್ಯರಿಗೆ ಫೋನ್ ಮಾಡಿ ಕೇಳಬೇಕು, ಎರಡು ರಾತ್ರಿಯಾದರೂ ರೂಮಿನಲ್ಲಿ ಒಬ್ಬನೇ ಮಲಗಬಾರದು. ಈಗಾಗಲೇ ಎರಡು ಸಲ ಹೀಗಾಗಿರುವುದರಿಂದ ಮೂರನೆಯದಕ್ಕೆ ಕಾಯದೆ, ಈ ವಾರವೇ ಅವನನ್ನು ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನು ತಜ್ಞರ ಬಳಿಗೆ ಕಳುಹಿಸಿ, ಮೊದಲ ಪತ್ರಕ್ಕೆ ಬರೆದ ಉತ್ತರವನ್ನೂ ಅವನಿಗೆ ಓದಲು ಕೊಡಿ.